ವಿಎಂಗೆ ನೆಟ್ ಇಲ್ಲವೇ? ಪ್ಯಾಕೆಟ್ ಎಲ್ಲಿ ನಿಲ್ಲುತ್ತಿದೆ ಎಂದು ಮೊದಲು ನೋಡಿ

ಲಿನಕ್ಸ್ ಹೋಸ್ಟ್‌ನಲ್ಲಿ ಇಂಟರ್ನೆಟ್ ಸರಾಗವಾಗಿದ್ದರೂ ಅದರೊಳಗಿನ ವರ್ಚುವಲ್ ಮಷೀನ್‌ಗೆ ಮಾತ್ರ ನೆಟ್ ಸಿಗದಿರುವುದು ತೀರಾ ಸಾಮಾನ್ಯ ತೊಂದರೆ. ಆಗ ಫೈರ್‌ವಾಲ್ ಆಫ್ ಮಾಡುವುದು, ಕಂಡ ಕಂಡ ಸೆಟ್ಟಿಂಗ್ ಬದಲಿಸುವುದು ಬೇಡ. ಇದ್ದ ದೋಷದ ಮೇಲೆ ಹೊಸ ದೋಷ ಕೂರುತ್ತದೆ, ಅಷ್ಟೇ. ಪ್ಯಾಕೆಟ್ ಹೋಗುವ ದಾರಿ ಗೊತ್ತಿದ್ದರೆ ಅದು ಎಲ್ಲಿ ನಿಂತಿದೆ ಎಂದು ಹುಡುಕುವುದು ಕಷ್ಟವಲ್ಲ. ಬಹಳ ಜನ ಬಳಸುವ ಕೆವಿಎಂ–ಲಿಬ್‌ವರ್ಟ್ ಜೋಡಿಯನ್ನೇ ಇಲ್ಲಿ ನೋಡೋಣ.

ದಾರಿ ಹೀಗಿದೆ

ಲಿಬ್‌ವರ್ಟ್‌ನ ‘ಡಿಫಾಲ್ಟ್’ ನೆಟ್‌ವರ್ಕ್ ಹೋಸ್ಟ್‌ನಲ್ಲಿ ‘ವಿರ್‌ಬಿಆರ್0’ ಎಂಬ ಬ್ರಿಡ್ಜ್ ಕಟ್ಟುತ್ತದೆ. ಸಾಮಾನ್ಯವಾಗಿ ಅದರ ವಿಳಾಸ 192.168.122.1. ವಿಎಂನ ಕಾರ್ಡ್ ‘ವಿನೆಟ್0’ ಎಂಬ ಪೋರ್ಟ್ ಮೂಲಕ ಈ ಬ್ರಿಡ್ಜ್‌ಗೆ ಸೇರುತ್ತದೆ. ವಿಎಂಗೆ ಐಪಿ ಹಂಚುವುದು, ಡಿಎನ್‌ಎಸ್ ಪ್ರಶ್ನೆಗೆ ಉತ್ತರಿಸುವುದು ಎರಡೂ ಡಿಎನ್‌ಎಸ್‌ಮಾಸ್ಕ್‌ನ ಕೆಲಸ. ಹೊರಗೆ ಹೊರಟ ಪ್ಯಾಕೆಟ್‌ಗೆ ಹೋಸ್ಟ್ ತನ್ನ ಐಪಿ ಹಚ್ಚಿ ಕಳಿಸುತ್ತದೆ. ಇದೇ ನ್ಯಾಟ್.

ಐಪಿ ಬಂದಿದೆಯೇ?

ವಿಎಂ ಒಳಗೆ ‘ಐಪಿ ಎ’ ಕೊಡಿ. 192.168.122 ಸಾಲಿನ ವಿಳಾಸ ಕಂಡರೆ ಮುಂದೆ ಹೋಗಿ. ಕಾಣದಿದ್ದರೆ ಹೋಸ್ಟ್‌ನಲ್ಲಿ ‘ವಿರ್ಶ್ ನೆಟ್-ಲಿಸ್ಟ್ --ಆಲ್’ ಕೊಟ್ಟು ನೋಡಿ. ಡಿಫಾಲ್ಟ್ ನೆಟ್‌ವರ್ಕ್ ಇನ್‌ಆಕ್ಟಿವ್ ಆಗಿದ್ದರೆ ‘ನೆಟ್-ಸ್ಟಾರ್ಟ್’ನಿಂದ ಎಬ್ಬಿಸಿ. ‘ನೆಟ್-ಆಟೋಸ್ಟಾರ್ಟ್’ ಕೂಡ ಕೊಡಿ, ಇಲ್ಲವಾದರೆ ರೀಬೂಟ್ ಆದಾಗ ಮತ್ತೆ ಇದೇ ಪಾಡು. ವಿಂಡೋಸ್ ವಿಎಂನಲ್ಲಿ ನೆಟ್‌ವರ್ಕ್ ಕಾರ್ಡೇ ಕಾಣುತ್ತಿಲ್ಲವೆಂದರೆ ವರ್ಟ್‌ಐಒ ಡ್ರೈವರ್ ಹಾಕಿಲ್ಲವೆಂದು ತಿಳಿಯಿರಿ. ಕ್ಲೋನ್ ಮಾಡಿದ ಎರಡು ಉಬುಂಟು ವಿಎಂಗಳು ಒಂದೇ ಐಪಿಗಾಗಿ ಕಿತ್ತಾಡುತ್ತಿದ್ದರೆ ಎರಡರ ಮಷೀನ್-ಐಡಿಯೂ ಒಂದೇ ಇದೆಯೇ ಎಂದು ನೋಡಿ.

ಮೂರು ಪಿಂಗ್

ವಿಎಂನಿಂದ ಮೊದಲು 192.168.122.1ಕ್ಕೆ, ಆಮೇಲೆ 8.8.8.8ಕ್ಕೆ, ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ ಪಿಂಗ್ ಮಾಡಿ.

ಮೊದಲನೆಯದೇ ಸೋತರೆ ವಿಎಂಗೂ ಬ್ರಿಡ್ಜ್‌ಗೂ ನಡುವೆ ಕೊಂಡಿ ತಪ್ಪಿದೆ. ವಿಎಂ ಯಾವ ನೆಟ್‌ವರ್ಕ್‌ಗೆ ಸೇರಿದೆ ಎಂಬುದನ್ನು ‘ವಿರ್ಶ್ ಡಾಮ್‌ಇಫ್‌ಲಿಸ್ಟ್’ ತೋರಿಸುತ್ತದೆ. ಮೂರನೆಯದು ಮಾತ್ರ ಸೋತರೆ ಅದು ಡಿಎನ್‌ಎಸ್ ತೊಂದರೆ. ಹೋಸ್ಟ್‌ನಲ್ಲಿ ವಿಪಿಎನ್ ಓಡುತ್ತಿದ್ದರೆ ಅನುಮಾನ ಮೊದಲು ಅದರ ಮೇಲಿರಲಿ.

ಹೆಚ್ಚು ಕಾಡುವುದು ಎರಡನೆಯದು. ಬ್ರಿಡ್ಜ್‌ವರೆಗೆ ಬಂದ ಪ್ಯಾಕೆಟ್ ಹೋಸ್ಟ್‌ನಲ್ಲೇ ಉಳಿದಿದೆ. ‘ನೆಟ್.ಐಪಿವಿ4.ಐಪಿ_ಫಾರ್ವರ್ಡ್’ ಬೆಲೆ 1 ಇರಬೇಕು. ಅದು ಸರಿಯಿದ್ದು, ಹೋಸ್ಟ್‌ನಲ್ಲಿ ಡಾಕರ್ ಇದ್ದರೆ ಅತ್ತ ನೋಡಿ. ಡಾಕರ್ ಸಾಮಾನ್ಯವಾಗಿ ಫಾರ್ವರ್ಡ್ ಚೈನ್‌ನ ಪಾಲಿಸಿಯನ್ನು ಡ್ರಾಪ್ ಮಾಡಿಡುತ್ತದೆ. ಹೊಸ ಲಿಬ್‌ವರ್ಟ್ ಎನ್‌ಎಫ್‌ಟೇಬಲ್ಸ್‌ನಲ್ಲಿ ತನ್ನದೇ ಬೇರೆ ಟೇಬಲ್ ಇಟ್ಟುಕೊಳ್ಳುತ್ತದೆ. ಒಂದು ಟೇಬಲ್ ಒಪ್ಪಿದರೆ ಸಾಲದು, ಪ್ಯಾಕೆಟ್ ಇನ್ನೊಂದನ್ನೂ ದಾಟಬೇಕು. ಯಾವುದೇ ಒಂದು ಬೇಡವೆಂದರೂ ಅದು ಅಲ್ಲೇ ಬಿದ್ದುಹೋಗುತ್ತದೆ. ಇದಕ್ಕೆ ಪರಿಹಾರ, ‘ಡಾಕರ್-ಯೂಸರ್’ ಚೈನ್‌ನಲ್ಲಿ ವಿರ್‌ಬಿಆರ್0ಗೆ ಬರುವ, ಹೋಗುವ ಎರಡೂ ದಿಕ್ಕಿನ ಪ್ಯಾಕೆಟ್‌ಗಳಿಗೆ ಅನುಮತಿ ಕೊಡುವುದು. ಫೈರ್‌ವಾಲನ್ನೇ ಕಿತ್ತುಹಾಕಬೇಕಿಲ್ಲ.

ಕಣ್ಣಾರೆ ನೋಡಿ

ಅನುಮಾನ ಉಳಿದರೆ ವಿಎಂನಲ್ಲಿ ಪಿಂಗ್ ಓಡಲು ಬಿಟ್ಟು, ಹೋಸ್ಟ್‌ನ ಎರಡು ಟರ್ಮಿನಲ್‌ಗಳಲ್ಲಿ ಟಿಸಿಪಿಡಂಪ್ ಹಚ್ಚಿ. ಒಂದು ವಿರ್‌ಬಿಆರ್0 ಮೇಲೆ, ಇನ್ನೊಂದು ಹೊರಗಿನ ಕಾರ್ಡ್ ಮೇಲೆ. ಬ್ರಿಡ್ಜ್‌ನಲ್ಲಿ ‘ಎಕೋ ರಿಕ್ವೆಸ್ಟ್’ ಕಂಡು ಹೊರಗೆ ಕಾಣದಿದ್ದರೆ ತಡೆ ಹೋಸ್ಟ್‌ನಲ್ಲಿದೆ. ಹೊರಗೂ ಕಂಡು, ಕಳಿಸಿದವರ ವಿಳಾಸ ಇನ್ನೂ 192.168.122 ಎಂದೇ ಇದ್ದರೆ ನ್ಯಾಟ್ ನಿಯಮ ಅಳಿಸಿಹೋಗಿದೆ. ಹೋಸ್ಟ್‌ನ ಐಪಿಯಲ್ಲೇ ಹೊರಟೂ ಉತ್ತರ ಬಾರದಿದ್ದರೆ ಹೋಸ್ಟ್‌ನಾಚೆ ಹುಡುಕಿ.

ಇವು ದೋಷವಲ್ಲ

ನ್ಯಾಟ್‌ನಲ್ಲಿರುವ ವಿಎಂಗೆ ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಿಂದ ನೇರವಾಗಿ ತಲುಪಲಾಗದು. ಅದಕ್ಕೆ ಹೋಸ್ಟ್‌ನ ಹೊರಗಿನ ಕಾರ್ಡನ್ನೇ ಸೇರಿಸಿಕೊಂಡ ಬೇರೆ ಬ್ರಿಡ್ಜ್ ಬೇಕು. ಆದರೆ ವೈಫೈ ಕಾರ್ಡನ್ನು ಬ್ರಿಡ್ಜ್‌ಗೆ ಸೇರಿಸಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಏಕೆಂದರೆ ತನ್ನಲ್ಲಿ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸ ಬಿಟ್ಟು ಬೇರೆಯದನ್ನು ಆಕ್ಸೆಸ್ ಪಾಯಿಂಟ್ ಒಪ್ಪದು. ಮ್ಯಾಕ್‌ವಿಟ್ಯಾಪ್ ಬಳಸಿದರೆ ವಿಎಂಗೆ ಹೊರಲೋಕ ಸಿಗುತ್ತದೆ, ತನ್ನ ಹೋಸ್ಟೇ ಸಿಗುವುದಿಲ್ಲ. ಕ್ಯೂಇಎಂಯುನ ಯೂಸರ್ ನೆಟ್‌ವರ್ಕ್‌ನಲ್ಲಿ, ಅಂದರೆ ಐಪಿ 10.0.2.15 ಎಂದಿದ್ದಾಗ, ಪಿಂಗ್ ಸೋತರೂ ಬ್ರೌಸರ್ ನಡೆಯಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರು ಪಿಂಗ್ ಮತ್ತೆ ಮಾಡಿ. ಎಲ್ಲ ಸರಿಯಾದ ಮೇಲೆ ಹೋಸ್ಟನ್ನು ರೀಬೂಟ್ ಮಾಡಿ ಇನ್ನೊಮ್ಮೆ ಪರೀಕ್ಷಿಸಿ. ಕೈಯಾರೆ ಹಾಕಿದ ಫೈರ್‌ವಾಲ್ ನಿಯಮವನ್ನು ಶಾಶ್ವತವಾಗಿ ಉಳಿಸದಿದ್ದರೆ ಅದು ಗೊತ್ತಾಗುವುದು ಆಗಲೇ.