ಜಲಸಸ್ಯಗಳ ತೊಟ್ಟಿಯಲ್ಲಿ ಗೊಬ್ಬರ ಮತ್ತು ಪಾಚಿ

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಗಾಜಿನ ತೊಟ್ಟಿಯಲ್ಲಿ ತುಂಬಿದ ಇಂತಹ ನೀರು ಕ್ಷಾರಗುಣವುಳ್ಳದ್ದಾದರೆ ಕಬ್ಬಿಣವು ಕರಗದೆ ತಳಸೇರುವುದು; ಜಲಸಸ್ಯಗಳ ಎಳೆಯ ಎಲೆಗಳು ಹಳದಿಯಾಗುವುವು. ಸಾರಜನಕದ ಕೊರತೆಯಾದರೋ ಮೊದಲು ಹಳೆಯ ಎಲೆಗಳಲ್ಲಿ ತೋರುತ್ತದೆ. ಈ ಭೇದವನ್ನರಿಯದೆ ನಾವು ಸಾರಜನಕ, ರಂಜಕಗಳನ್ನು ಹೆಚ್ಚಿಸಿದರೆ, ಕುಂಠಿತ ಸಸ್ಯಗಳು ಹೀರಲಾರದೆ ಬಿಟ್ಟುದೆಲ್ಲ ಪಾಚಿಯ ಪಾಲಾಗುವುದು. ಅತ್ಯಂತ ಕೊರತೆಯಿರುವ ಪೋಷಕವೇ ಬೆಳವಣಿಗೆಯ ಮಿತಿಯೆಂದು ಲೀಬಿಗ್ ಪ್ರಚುರಪಡಿಸಿದ ನಿಯಮವು ಇಲ್ಲಿಯೂ ಅನ್ವಯಿಸುತ್ತದೆ. ಆದುದರಿಂದ ಕರಗಿಯೇ ಉಳಿಯುವ ಕೀಲೇಟ್ ರೂಪದ ಕಬ್ಬಿಣವನ್ನು ಅಲ್ಪಪ್ರಮಾಣದಲ್ಲಿ ಕೊಟ್ಟು, ಬೆಳಕನ್ನು ದಿನಕ್ಕೆ 6ರಿಂದ 8 ಗಂಟೆಗಳಿಗೆ ಮಿತಗೊಳಿಸಿ, ವಾರಕ್ಕೊಮ್ಮೆ ನೀರಿನ ಮೂರನೆಯ ಒಂದು ಭಾಗವನ್ನು ಬದಲಿಸುವುದು ಯುಕ್ತ. 2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯಜಲವನ್ನು ಪಡೆಯುತ್ತಿರುವ ಕೋಲಾರ ಜಿಲ್ಲೆಯ ಕೆರೆಗಳಿಗೂ ಪೋಷಕಗಳು ಹರಿದುಬರುತ್ತವೆ. ಅಲ್ಲಿಯ ಪಾಚಿಯನ್ನು ಅರಿಯಬಯಸುವ ವಿದ್ಯಾರ್ಥಿಗೆ ಪ್ರಯೋಗಶಾಲೆಯ ಈ ಕಿರುತೊಟ್ಟಿಯೇ ಮೊದಲ ಪಾಠವೆಂದು ನಾವು ಭಾವಿಸುತ್ತೇವೆ.