ಕಲಬುರಗಿಯ ಬಿಸಿಲು, ಮಂಗಳೂರಿನ ಸೆಕೆ

ಪ್ರಶ್ನೆ: ಕಲಬುರಗಿಯಲ್ಲಿ 41 ಡಿಗ್ರಿ ಇದ್ದರೂ ನೆರಳಿಗೆ ಬಂದರೆ ಹಾಯೆನಿಸುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿಗೇ ಜೀವ ಸಾಕಾಗುತ್ತದೆ. ಏಕೆ?

ಉತ್ತರ: ವ್ಯತ್ಯಾಸ ಇರುವುದು ಗಾಳಿಯ ತೇವಾಂಶದಲ್ಲಿ. ಬೆವರು ಸುರಿದ ಮಾತ್ರಕ್ಕೆ ದೇಹ ತಣಿಯುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಮೈಯಿಂದ ಹೊರಹೋಗುತ್ತದೆ. ಕರಾವಳಿಯ ಗಾಳಿಯಲ್ಲಿ ನೀರಾವಿ ಮೊದಲೇ ತುಂಬಿರುವುದರಿಂದ ಬೆವರು ಆರದೆ ಹನಿಹನಿಯಾಗಿ ಇಳಿದು ಅಂಗಿ ಬೆನ್ನಿಗೆ ಅಂಟುತ್ತದೆ. ನೀರು, ಉಪ್ಪು ಎರಡೂ ನಷ್ಟ. ತಂಪು ಮಾತ್ರ ಸಿಗದು. ಅಲ್ಲಿ ಫ್ಯಾನ್ ಗಾಳಿ ನಿಜಕ್ಕೂ ನೆರವಾಗುತ್ತದೆ.

ಹಾಗೆಂದು ಒಣ ಬಿಸಿಲನ್ನು ಹಗುರವಾಗಿ ಕಾಣುವಂತಿಲ್ಲ.

ಕಲಬುರಗಿ, ರಾಯಚೂರುಗಳಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಬಿಡುವುದರಿಂದ, ಮೈಯಿಂದ ಎಷ್ಟು ನೀರು ಹೋಯಿತೆಂಬುದೇ ತಿಳಿಯುವುದಿಲ್ಲ. ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ಮೂತ್ರ ಕಡುಹಳದಿಯಾದರೆ ಕುಡಿದದ್ದು ಸಾಲದೆಂದೇ ಅರ್ಥ. ಉಪ್ಪು ಬೆರೆಸಿದ ನೀರುಮಜ್ಜಿಗೆ, ರಾಗಿ ಅಂಬಲಿ ನೀರನ್ನೂ ಉಪ್ಪನ್ನೂ ಒಟ್ಟಿಗೆ ತುಂಬಿಕೊಡುತ್ತವೆ. 40 ಡಿಗ್ರಿ ದಾಟಿದಾಗ ಫ್ಯಾನ್ ಬಿಸಿಗಾಳಿಯನ್ನೇ ಮೈಮೇಲೆ ಬೀಸುತ್ತದೆ. ಒದ್ದೆ ಬಟ್ಟೆಯಿಂದ ಕೈಕಾಲು, ಕತ್ತು ಒರೆಸಿಕೊಂಡು ಅದರಡಿ ಕುಳಿತರೆ ಗುಣ ಕಾಣುತ್ತದೆ.

ಬಿಸಿಲಲ್ಲಿ ದುಡಿಯುತ್ತಿದ್ದವರ ಮೈ ಸುಡುತ್ತಿದ್ದು, ಮಾತು ತೊದಲಿ ಗೊಂದಲಕ್ಕೆ ಬಿದ್ದರೆ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ನೆರಳಿಗೆ ಕರೆತಂದು ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.