ಕೀರ್ತಿಗೊಂದು ಸೈಟು

ಮೈಸೂರಿನಲ್ಲಿ ಗಂಡು ನೋಡುವ ಶಾಸ್ತ್ರದ ಮಾತುಕತೆ ಕೇಳಿದವರಿಗೆ ಗೊತ್ತು. ಓದು, ಉದ್ಯೋಗ, ಗೋತ್ರ ಎಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳುತ್ತಾರೆ: 'ಸೈಟೇನಾದರೂ ಇದೆಯೋ?' ನಿವೇಶನ ಎಂಬ ಶಬ್ದ ಸರ್ಕಾರಿ ಕಾಗದದಲ್ಲಿ ಮಾತ್ರ. ಮನೆಮಾತಿನಲ್ಲಿ ಅದು ಸೈಟು. ಮೂವತ್ತು-ನಲವತ್ತು, ನಲವತ್ತು-ಅರವತ್ತು ಎಂದು ಅಡಿಗಳ ಲೆಕ್ಕದಲ್ಲಿ ಇಡೀ ಜೀವಮಾನದ ಉಳಿತಾಯವನ್ನು ಹೇಳಿಬಿಡಬಹುದು.

ಈ ಊರಿನಲ್ಲಿ 2024ರಲ್ಲಿ ಎದ್ದ ಮುಡಾ ವಿವಾದವನ್ನು ಅರ್ಥ ಮಾಡಿಕೊಳ್ಳಬೇಕಾದರೆ ರಾಜಕೀಯಕ್ಕಿಂತ ಮೊದಲು ಈ ಸೈಟಿನ ಚರಿತ್ರೆಯನ್ನು ತಿಳಿಯಬೇಕು. ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದವರಿಗೆ ಸಮಾಜ ಏನು ಕೊಡಬೇಕು, ಅವರು ಎಷ್ಟನ್ನು ತೆಗೆದುಕೊಳ್ಳಬಹುದು ಎಂಬ ಹಳೆಯ ಪ್ರಶ್ನೆ ಇಲ್ಲಿ ನೆಲದ ಮೇಲೆ ಅಳತೆಗೋಲು ಹಿಡಿದು ನಿಂತಿದೆ.

ಲಂಚ ಹೊಸ ವಸ್ತುವಲ್ಲ, ಹೊಸ ಶಬ್ದವೂ ಅಲ್ಲ. 12ನೇ ಶತಮಾನದ ಶರಣೆ ಸತ್ಯಕ್ಕನ ವಚನದಲ್ಲೇ ಆ ಮಾತು ಬಂದಿದೆ. ಆಮೇಲೆ ಬಂದ 'ಮಾಮೂಲು' ಎಂಬ ಶಬ್ದವಂತೂ ಇನ್ನೂ ಚಮತ್ಕಾರದ್ದು. ಮಾಮೂಲು ಎಂದರೆ ರೂಢಿಯಲ್ಲಿರುವುದು, ಎಂದಿನದು ಎಂದಷ್ಟೇ ಅರ್ಥ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮುಜುಗರವಾಗದ ಹಾಗೆ ಭಾಷೆಯೇ ಏರ್ಪಾಡು ಮಾಡಿಕೊಟ್ಟಿದೆ.

ಬಿರುದಿನಿಂದ ಬಡಾವಣೆಗೆ

ರಾಜರ ಕಾಲದಲ್ಲಿ ಕೀರ್ತಿಗೆ ಸಿಗುತ್ತಿದ್ದ ಪ್ರತಿಫಲ ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥದು. ಅರಮನೆಯ ದರ್ಬಾರಿನಲ್ಲಿ ಹೆಸರು ಕೂಗಿ ಬಿರುದು ಕೊಡುತ್ತಿದ್ದರು. ವೀಣೆ ಶೇಷಣ್ಣನವರು 'ವೈಣಿಕ ಶಿಖಾಮಣಿ'ಯಾದರು, ಬಿ.ಎಂ. ಶ್ರೀಕಂಠಯ್ಯನವರು 'ರಾಜಸೇವಾಸಕ್ತ'ರಾದರು. ಯಾರಿಗೆ ಏನು ಸಂದಿತು, ಏಕೆ ಸಂದಿತು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಸಿಕ್ಕದವರು ಗೊಣಗುತ್ತಿದ್ದರು, ಅದು ಬೇರೆ ಮಾತು.

ಸೈಟು ಬಂದದ್ದು ಬೇರೆ ಬಾಗಿಲಿನಿಂದ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟಾಗ ಮೈಸೂರಿನ ಕೋಟೆಯ ಸುತ್ತಮುತ್ತಲ ಇಕ್ಕಟ್ಟು ಬೀದಿಗಳು ಎಷ್ಟು ಅಪಾಯಕಾರಿ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಬೊಂಬಾಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತ್ತು. ಅದರ ಬೆನ್ನಿಗೇ 1903ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆರಂಭದಲ್ಲಿ, ಮೈಸೂರಿನಲ್ಲೂ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಗಾಳಿ, ಬೆಳಕು, ಚರಂಡಿ, ಅಗಲವಾದ ರಸ್ತೆ ಇವು ಅದರ ಉದ್ದೇಶ. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು ಇವೆಲ್ಲ ಊರು ಹೀಗೆ ಕೈಕಾಲು ಚಾಚಿಕೊಂಡ ಕಾಲದ ನೆನಪುಗಳು. ರೋಗದಿಂದ ಜನರನ್ನು ಉಳಿಸಲೆಂದು ಹಂಚತೊಡಗಿದ ನೆಲ ಮುಂದೆ ಹಂಚುವವನ ಕೈಯಲ್ಲಿ ಒಂದು ನಾಣ್ಯವಾಗಬಹುದೆಂದು ಆಗ ಯಾರೂ ಯೋಚಿಸಿರಲಾರರು.

ಅದೇ ಸುಮಾರಿನ ಇನ್ನೊಂದು ಕತೆಯನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ. ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮುನ್ನ ನೆಂಟರಿಷ್ಟರನ್ನು ಊಟಕ್ಕೆ ಕರೆದು, ಯಾರೂ ತಮ್ಮಿಂದ ಉಪಕಾರ ಕೇಳಬಾರದೆಂದು ಮಾತು ತೆಗೆದುಕೊಂಡರಂತೆ. ಸರ್ಕಾರಿ ಮೇಣದಬತ್ತಿ ಒಂದು, ಸ್ವಂತ ಮೇಣದಬತ್ತಿ ಇನ್ನೊಂದು ಎಂಬ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಇವುಗಳಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ಬೆಳೆದದ್ದೆಷ್ಟು ಎಂದು ಅಳೆಯಲು ಹೋಗುವುದಕ್ಕಿಂತ, ಒಂದು ಶತಮಾನ ಕಳೆದರೂ ಜನ ಅವನ್ನು ಬಿಟ್ಟುಕೊಡದಿರುವುದನ್ನು ಗಮನಿಸಬೇಕು. ಇಂದಿನ ಅಧಿಕಾರಿಯನ್ನು ಬಯ್ಯಬೇಕಾದಾಗ ಮೈಸೂರು ಆ ಮೇಣದಬತ್ತಿಯನ್ನೇ ಹಚ್ಚಿಕೊಳ್ಳುತ್ತದೆ.

ಆದರೆ ಆ ಬೆಳಕಿಗೂ ಒಂದು ನೆರಳಿತ್ತು. ಕೈ ಶುದ್ಧವಾಗಿದ್ದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳಲಾಗದು. ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. 1917ರಲ್ಲಿ ರೂಪುಗೊಂಡ ಪ್ರಜಾಮಿತ್ರ ಮಂಡಲಿ ಇದನ್ನು ಪ್ರಶ್ನಿಸಿತು. ನಾಲ್ವಡಿಯವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯ ಪ್ರಶ್ನೆಯಲ್ಲಿ ಭಿನ್ನಾಭಿಪ್ರಾಯವಿದ್ದ ವಿಶ್ವೇಶ್ವರಯ್ಯನವರು ಅಧಿಕಾರದಿಂದ ಹೊರನಡೆದರು. ಒಂದು ಕಾಸೂ ಕೈ ಬದಲಾಯಿಸದೆ, ಯಾರೂ ಯಾರ ಬಳಿಯೂ ಉಪಕಾರ ಕೇಳದೆ, ಒಂದು ವರ್ಗಕ್ಕೆ ಮಾತ್ರ ಎಲ್ಲವೂ ಒದಗಿಬರುವುದನ್ನು ಏನೆಂದು ಕರೆಯಬೇಕು? ಮೈಸೂರಿನ ಪ್ರಾಮಾಣಿಕತೆಯ ಕತೆಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಕೊಟ್ಟವರ ಲೆಕ್ಕ

ಆ ಪ್ರಶ್ನೆಗೆ ರಾಜಕೀಯದಲ್ಲಿ ಉತ್ತರ ಕೊಡಹೊರಟವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. ಅವರು 1972ರಲ್ಲಿ ಮುಖ್ಯಮಂತ್ರಿಯಾದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿ, ಹಾವನೂರು ಆಯೋಗದ 1975ರ ವರದಿಯಿಂದ ಹಿಂದುಳಿದವರಿಗೆ ಮೀಸಲಾತಿ ಹೀಗೆ ಅವರ ಹೆಸರು ಹಳ್ಳಿಯ ಗುಡಿಸಲಿಗೂ ತಲುಪಿತು. ಅದೇ ಅರಸು ಅವರ ಮೇಲೆ ಸ್ವಜನಪಕ್ಷಪಾತ, ಭ್ರಷ್ಟಾಚಾರದ ಆರೋಪಗಳೂ ಬಂದವು. ಕೇಂದ್ರದ ಜನತಾ ಸರ್ಕಾರ 1977ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಿಸಿತು. ಒಂದು ರಾಜ್ಯದ ಮುಖ್ಯಮಂತ್ರಿಯ ಮೇಲೆ ಕೇಂದ್ರ ಹೀಗೆ ವಿಚಾರಣೆ ನಡೆಸಬಹುದೇ ಎಂದು ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ, ಅದೇ ವರ್ಷ ಸೋತಿತು. ವರ್ಷದ ಕೊನೆಯ ದಿನ ಅರಸು ಸರ್ಕಾರ ವಜಾ ಆಯಿತು.

ಆಯೋಗದ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ್ದ ಕಾಲದಲ್ಲೇ, 1978ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 224 ಸ್ಥಾನಗಳ ಪೈಕಿ 149 ಗೆದ್ದು ಅರಸು ಮತ್ತೆ ಮುಖ್ಯಮಂತ್ರಿಯಾದರು. ಜನರಿಗೆ ಆರೋಪಗಳು ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಅವರ ಲೆಕ್ಕ ಬೇರೆಯಾಗಿತ್ತು. ತಲೆಮಾರುಗಳಿಂದ ಉತ್ತ ಹೊಲದ ಪಹಣಿಯಲ್ಲಿ ಮೊದಲ ಬಾರಿಗೆ ತನ್ನ ಹೆಸರು ಕಂಡವನು, ಅದನ್ನು ಕೊಟ್ಟವನು ತನಗಾಗಿ ಏನು ಇಟ್ಟುಕೊಂಡ ಎಂದು ಮೊದಲು ಕೇಳುವುದಿಲ್ಲ. ಇದನ್ನು ಜನರ ಅಜ್ಞಾನ ಎಂದು ಪಟ್ಟಣದ ಮೇಜಿನ ಮುಂದೆ ಕುಳಿತು ತೀರ್ಪು ಕೊಡುವುದು ಸುಲಭ. ಆದರೆ ಅದರ ನಂತರ ಬಂದ ಅನೇಕರು ಅರಸು ಅವರ ಔದಾರ್ಯದ ಅರ್ಧ ಪಾಠವನ್ನು ಮಾತ್ರ ಕಲಿತರೆಂಬುದೂ ನಿಜ: ಕೊಡುವ ಕೈ ಎಂಬ ಹೆಸರು ಬಂದರೆ ಸಾಕು, ಏನನ್ನು ಯಾರ ಜೇಬಿನಿಂದ ಕೊಟ್ಟೆವೆಂಬುದು ಮುಖ್ಯವಲ್ಲ.

ಈ ಸಂದೇಹಗಳಿಗೆ ಉತ್ತರವಾಗಿ ಬಂದದ್ದು ಲೋಕಾಯುಕ್ತ. ರಾಮಕೃಷ್ಣ ಹೆಗಡೆಯವರ ಸರ್ಕಾರ 1984ರಲ್ಲಿ ಕಾಯ್ದೆ ತಂದಿತು. 'ಮೌಲ್ಯಾಧಾರಿತ ರಾಜಕಾರಣ' ಎಂಬ ಮಾತನ್ನು ಮನೆಮಾತಾಗಿಸಿದ ಅದೇ ಹೆಗಡೆಯವರು ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಕುರಿತ ಹೈಕೋರ್ಟಿನ ಟೀಕೆಯ ಮೇಲೆ 1986ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು; 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಪ್ರಕರಣದಲ್ಲಿ ಕೊಟ್ಟ ರಾಜೀನಾಮೆ ಮಾತ್ರ ಹಿಂದಕ್ಕೆ ಬರಲಿಲ್ಲ.

'ಜಿ' ಎಂಬ ಅಕ್ಷರ

ಬೆಂಗಳೂರಿನಲ್ಲಿ ಸೈಟು ಕೀರ್ತಿಯ ಬಹುಮಾನವೇ ಆಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ 'ಜಿ' ಕೆಟಗರಿ ಎಂಬೊಂದು ಪದ್ಧತಿ ಇತ್ತು. ಅಲ್ಲೊಂದು ಇಲ್ಲೊಂದು ಉಳಿದ ಬಿಡಿ ಸೈಟುಗಳನ್ನು ಸಾರ್ವಜನಿಕ ಜೀವನದಲ್ಲಿ ಹೆಸರಾದವರಿಗೆ ಸರ್ಕಾರದ ವಿವೇಚನೆಯ ಮೇಲೆ ಹಂಚಲಾಗುತ್ತಿತ್ತು. ಕ್ರೀಡೆ, ಕಲೆ, ಸಾಹಿತ್ಯದಲ್ಲಿ ಸಾಧನೆ ಮಾಡಿ ಬಾಡಿಗೆ ಮನೆಯಲ್ಲೇ ಮುಪ್ಪಾದವರಿಗೆ ನೆರವಾಗಲೆಂದು ಇದನ್ನು ಸಮರ್ಥಿಸಬಹುದಿತ್ತು. ಆದರೆ 'ಸಾರ್ವಜನಿಕ ಜೀವನ' ಎಂಬ ಎರಡು ಶಬ್ದ ಎಷ್ಟು ಬೇಕಾದರೂ ಹಿಗ್ಗುತ್ತದೆ. ಶಾಸಕರು ಅದರೊಳಗೆ ಬಂದರು, ಅವರ ಸುತ್ತಲಿನವರು ಬಂದರು. ಪತ್ರಿಕಾರಂಗದವರೂ ಇದ್ದರೆಂಬುದನ್ನು ಪತ್ರಿಕೆಯಲ್ಲೇ ಹೇಳಿಬಿಡುವುದು ಮೇಲು. ಹೈಕೋರ್ಟ್ 2010ರಲ್ಲಿ ಈ ಹಂಚಿಕೆಯನ್ನು ಕಾನೂನುಬಾಹಿರವೆಂದಿತು. ಹಿಂದಿನ ಹಂಚಿಕೆಗಳನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ಬಂದಿತು.

ಮತ್ತೊಂದೆಡೆ ಸಾಮಾನ್ಯ ಅರ್ಜಿದಾರ ನಿಂತಿದ್ದ. ಅರ್ಜಿ, ಠೇವಣಿ, ವರಮಾನದ ಪ್ರಮಾಣಪತ್ರ, ಬೇರೆಲ್ಲೂ ಮನೆಯಿಲ್ಲವೆಂಬ ಪ್ರಮಾಣ ಇಷ್ಟನ್ನೂ ಕೊಟ್ಟು ಬಡಾವಣೆಯಿಂದ ಬಡಾವಣೆಗೆ ಕಾಯುವುದು ಅವನ ಪಾಲು.

ಮೈಸೂರಿನ ಹಳೆಯ ಟ್ರಸ್ಟ್ ಬೋರ್ಡು 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವಾಯಿತು, ಬಾಯಿಮಾತಿನಲ್ಲಿ ಮುಡಾ. ಊರಿನ ಸುತ್ತಲಿನ ಹಳ್ಳಿಗಳ ಹೊಲ ಸ್ವಾಧೀನವಾಗಿ ವಿಜಯನಗರ, ದೇವನೂರು ಮೊದಲಾದ ಬಡಾವಣೆಗಳು ಎದ್ದವು. ಭೂಮಿ ಕೊಟ್ಟ ರೈತನಿಗೆ ಸಿಗುತ್ತಿದ್ದ ಪರಿಹಾರಕ್ಕೂ ಅದೇ ಭೂಮಿ ಸೈಟಾದ ಮೇಲೆ ಬರುತ್ತಿದ್ದ ಬೆಲೆಗೂ ಹೋಲಿಕೆಯೇ ಇರಲಿಲ್ಲ. ಈ ಅನ್ಯಾಯ ಸರಿಪಡಿಸಲು ಹಣದ ಬದಲು ಅಭಿವೃದ್ಧಿಪಡಿಸಿದ ನೆಲದಲ್ಲೇ ಪಾಲು ಕೊಡುವ ಪದ್ಧತಿ ಬಂತು. ಮೊದಲು ಕಡಿಮೆಯಿದ್ದ ಪಾಲು 2020ರ ಹೊತ್ತಿಗೆ 50:50 ಆಯಿತು: ಅರ್ಧ ಪ್ರಾಧಿಕಾರಕ್ಕೆ, ಅರ್ಧ ಭೂಮಾಲೀಕನಿಗೆ. ಕೇಳಲು ನ್ಯಾಯವಾಗಿಯೇ ಇದೆ. ತೊಡಕಿದ್ದದ್ದು ಇಲ್ಲಿ: ಸರಿಯಾಗಿ ಸ್ವಾಧೀನಪಡಿಸದೆ ಎಂದೋ ಬಳಸಿಕೊಂಡ ಜಮೀನಿಗೂ ಈ ಲೆಕ್ಕ ಅನ್ವಯಿಸಿದಾಗ, ಊರಾಚೆಯ ಹೊಲಕ್ಕೆ ಬದಲಾಗಿ ಬೆಲೆ ಏರಿದ ಬಡಾವಣೆಯ ಸೈಟು ಸಿಗುವಂತಾಯಿತು. ಯಾವ ಹೊಲಕ್ಕೆ ಯಾವ ಬಡಾವಣೆ ಎಂಬ ತೀರ್ಮಾನ ಕಚೇರಿಯ ಮೇಜಿನ ಮೇಲಿತ್ತು. ವಿವೇಚನೆ ಎಂಬುದು ಎಲ್ಲಿ ಕುಳಿತಿರುತ್ತದೋ ಅಲ್ಲಿಗೇ ದಲ್ಲಾಳಿಯೂ ದಾರಿ ಕಂಡುಕೊಳ್ಳುತ್ತಾನೆ. 2023ರಲ್ಲಿ ಸರ್ಕಾರ ಈ ಹಂಚಿಕೆಯನ್ನು ನಿಲ್ಲಿಸಿತು.

ದೇಶವೆಲ್ಲ ಚರ್ಚಿಸಿದ ಪ್ರಕರಣ ಕೆಸರೆ ಗ್ರಾಮದ ಸರ್ವೆ ನಂಬರ್ 464ರ 3 ಎಕರೆ 16 ಗುಂಟೆಯದು. ಇದನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಬಾವಮೈದುನ 2004ರಲ್ಲಿ ಕೊಂಡು, 2010ರಲ್ಲಿ ತಮ್ಮ ಸೋದರಿಗೆ, ಅಂದರೆ ಸಿದ್ದರಾಮಯ್ಯನವರ ಪತ್ನಿಗೆ ದಾನಪತ್ರ ಮಾಡಿಕೊಟ್ಟರು. ಅಲ್ಲಿ ಪ್ರಾಧಿಕಾರ ಬಡಾವಣೆ ಮಾಡಿಬಿಟ್ಟಿದ್ದರಿಂದ ಬದಲಿಗೆ ವಿಜಯನಗರದ 3 ಮತ್ತು 4ನೇ ಹಂತಗಳಲ್ಲಿ 14 ಸೈಟುಗಳನ್ನು ಕೊಡಲಾಯಿತು. ಆಗ ಅಧಿಕಾರದಲ್ಲಿದ್ದದ್ದು ವಿರೋಧ ಪಕ್ಷದ ಸರ್ಕಾರ, ಇದರಲ್ಲಿ ತಮ್ಮ ಪಾತ್ರವಿಲ್ಲ ಎಂಬುದು ಸಿದ್ದರಾಮಯ್ಯನವರ ವಾದ. ರಾಜ್ಯಪಾಲರು 2024ರ ಆಗಸ್ಟಿನಲ್ಲಿ ತನಿಖೆಗೆ ಅನುಮತಿ ಕೊಟ್ಟರು. ಸೆಪ್ಟೆಂಬರ್ 24ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೋಕಾಯುಕ್ತ ಪೊಲೀಸರು ಪ್ರಕರಣ ದಾಖಲಿಸಿದರು. ಅಕ್ಟೋಬರ್ ಆರಂಭದಲ್ಲಿ ಸೈಟುಗಳನ್ನು ಹಿಂದಿರುಗಿಸಲಾಯಿತು. ಸಾಕ್ಷ್ಯವಿಲ್ಲವೆಂದು ಲೋಕಾಯುಕ್ತ ಪೊಲೀಸರು 2025ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಪತ್ನಿಗೆ ಜಾರಿ ನಿರ್ದೇಶನಾಲಯ ಕೊಟ್ಟಿದ್ದ ಸಮನ್ಸನ್ನು ಹೈಕೋರ್ಟ್ ರದ್ದುಮಾಡಿತು. ಅದರ ವಿರುದ್ಧದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತಳ್ಳಿಹಾಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಮುಡಾ ಸೈಟು ಹಂಚಿಕೆಗಳ ತನಿಖೆಯಲ್ಲಿ ಜಾರಿ ನಿರ್ದೇಶನಾಲಯ ಮಾಜಿ ಆಯುಕ್ತರೊಬ್ಬರನ್ನು ಬಂಧಿಸಿತು. ಸಂಸ್ಥೆಗೆ ಹೊಸ ಕಾಯ್ದೆ ಬಂದು, ಹೆಸರೂ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಎಂದಾಯಿತು.

ಪ್ರಸಿದ್ಧರ ಹೆಸರು ಬಂದದ್ದರಿಂದ ಈ 14 ಸೈಟುಗಳು ಎಲ್ಲರಿಗೂ ಗೊತ್ತಾದವು. ಬೆಳಕು ಅವುಗಳ ಮೇಲೆಯೇ ಬಿದ್ದದ್ದರಿಂದ, ಹೆಸರಿಲ್ಲದವರ ಹೆಸರಿನಲ್ಲಿ ಮಂಜೂರಾದ ಮಿಕ್ಕ ಸೈಟುಗಳ ಕಡತಗಳು ಬಹುಕಾಲ ಕತ್ತಲಲ್ಲೇ ಇದ್ದವು. ಕೀರ್ತಿಯ ಸ್ವಭಾವವೇ ಹಾಗೆ.

ಇದೇ ಊರಿನ ಯಾದವಗಿರಿಯಲ್ಲಿ ಇನ್ನೊಂದು ಸೈಟಿದೆ. ಆರ್.ಕೆ. ನಾರಾಯಣ್ ಅಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡರು. ಜನರ ನಂಬಿಕೆಯ ಒತ್ತಡದಿಂದಲೇ ಒಬ್ಬ ಮೋಸಗಾರ ಸ್ವಾಮಿಯಾಗಿಬಿಡುವ ಕತೆ 'ದಿ ಗೈಡ್' ಬರೆದವರು ಅವರೇ. ಅದಕ್ಕೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು 2001ರಲ್ಲಿ ತೀರಿಕೊಂಡರು. 2011ರಲ್ಲಿ ಆ ಮನೆಯನ್ನು ಕೆಡವಲು ಆರಂಭಿಸಿದಾಗ ಪತ್ರಿಕೆಗಳಲ್ಲಿ ಗದ್ದಲವಾಗಿ ಕೆಲಸ ನಿಂತಿತು. ಜನರ ಹಣದಲ್ಲಿ ಅದನ್ನು ಕೊಳ್ಳಬೇಕೇ ಎಂದು ವಾದವೂ ನಡೆಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಏಕೆ ಎಂದು ಕೆಲವು ಕನ್ನಡ ಲೇಖಕರೇ ಕೇಳಿದರು. ಕೊನೆಗೆ ಮಹಾನಗರ ಪಾಲಿಕೆ ಮನೆಯನ್ನು ಕೊಂಡು ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಎಷ್ಟು ಕೊಟ್ಟು ಕೊಂಡರು, ಯಾವ ಸಭೆಯಲ್ಲಿ ಯಾರು ವಿರೋಧಿಸಿದರು ಎಂಬುದೆಲ್ಲ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು.